ಹೇರಳೆ ಮರಕ್ಕೆ ಒಂದು ಜಗಳ

ಗಂಡ ಪರಮಣ್ಣ ತೀರಿಕೊಂಡ ಮೇಲೆ ಮುದ್ದಕ್ಕನ ಜೊತೆ ಜಗಳ ಆಡುವವರು ನಮ್ಮೂರಿನಲ್ಲಿ ಯಾರೂ ಉಳಿಯಲಿಲ್ಲ. ಇದರಿಂದಾಗಿ ಅವರ ಹಿತ್ತಲಿನ ಮರ ಸಾಯುವುದರಲ್ಲಿತ್ತು.

ಮರವೆಂದರೆ ಹುಳಿಕಾಯಿಯ ಮರ. ನಿಂಬೆಯೂ ಅಲ್ಲದ, ಕಿತ್ತಳೆಯೂ ಅಲ್ಲದ, ಎರಡೂ ಕಡೆಯ ಬೀಗರು ನಮ್ಮ ಪೈಕಿ ಅಲ್ಲ ಎಂದು ಕೈಬಿಟ್ಟಂತೆ ಕಾಣುವ ಆ ದಪ್ಪ ಸಿಪ್ಪೆಯ ಮಿಶ್ರತಳಿಯನ್ನು ಊರಿನಲ್ಲಿ ಬಹಳ ಮಂದಿ ಹೇರಳೆಕಾಯಿ ಎನ್ನುತ್ತಾರೆ. ಬೇರೆ ಕಡೆಯಿಂದ ಬಂದು ನೆಲೆಸಿದ ಕೆಲವರು ಕಂಚಿಕಾಯಿ ಎನ್ನುತ್ತಾರೆ. ನಾನು ಆದಷ್ಟೂ ಬರೀ ಕಾಯಿ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಯಾಕೆಂದು ಮುಂದೆ ತಿಳಿಯುತ್ತದೆ. ಗೊಜ್ಜು, ಚಿತ್ರಾನ್ನ, ಉಪ್ಪಿನಕಾಯಿಗೆ ಇದಿಲ್ಲದೆ ನಮಗೆ ಆಗುವುದಿಲ್ಲ. ಹಿಂಡಿ ಉಳಿದ ಸಿಪ್ಪೆಯಲ್ಲಿ ಹಿತ್ತಾಳೆ ದೀಪ ತಿಕ್ಕುತ್ತೇವೆ. ಪಿತ್ತ ಕೆರಳಿದವರಿಗೆ ಶರಬತ್ತು, ಬಸುರಿಯರಿಗೆ ಉಪ್ಪು ಸವರಿದ ಹೋಳು, ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಬಿಸಿಲಲ್ಲಿ ಒಣಗಿಸಿದ್ದು. ಹಿಂದೊಬ್ಬ ವೈದ್ಯರು ಎಲ್ಲ ಕಾಯಿಲೆಗೂ ಇದನ್ನೇ ಹೇಳುತ್ತಿದ್ದರು. ಗುಣವಾಗದವರು ಕೂಡ ಹೋಗುವ ಮುಂಚೆ ರುಚಿಯಾಗಿ ಊಟ ಮಾಡಿ ಹೋದರೆಂದು ಅವರಿಗೆ ಒಳ್ಳೆಯ ಹೆಸರಿತ್ತು.

ಈ ಕಾಯಿ ಜಗಳಕ್ಕೆ ಬೀಳುತ್ತದೆ. ಕೈಯಲ್ಲಿ ಕಿತ್ತರೆ ಬರುವುದಿಲ್ಲ, ದೋಟಿಗೆ ಬಗ್ಗುವುದಿಲ್ಲ. ಹೊಸದಾಗಿ ವರ್ಗವಾಗಿ ಬಂದಿದ್ದ ತೋಟಗಾರಿಕೆ ಅಧಿಕಾರಿಯೊಬ್ಬರು ಇದನ್ನು ನಂಬದೆ ತಮ್ಮ ಕ್ವಾರ್ಟರ್ಸಿನ ಮರದ ಒಂದು ಕಾಯಿಗೆ ಎರಡೂ ಕೈಯಲ್ಲಿ ಜೋತುಬಿದ್ದಿದ್ದರು. ಬಂದ ದಿನದಿಂದ ಆ ಮರಕ್ಕೆ ನೀರು ಹಾಕುತ್ತಿದ್ದ ಹೆಂಡತಿ ಹೊರಗೆ ಬಂದು, “ಇಳೀರಿ ಕೆಳಗೆ, ಜವಾನರು ನೋಡ್ತಿದ್ದಾರೆ” ಎಂದರು. “ನಿನಗೇನು ಗೊತ್ತಾಗುತ್ತೆ, ಒಳಗೆ ಹೋಗು” ಎಂದು ಇವರೆಂದದ್ದೇ ತಡ, ಕಾಯಿ ಸಮೇತ ಕೆಳಗೆ ಬಂದರು. ಆಮೇಲೆ ಅವರೂ ನಮ್ಮವರಾದರು. ಒಬ್ಬರೇ ಬೈದುಕೊಂಡರೆ ಆಗುವುದಿಲ್ಲ, ಎದುರುತ್ತರ ಬರಬೇಕು. ಆಡುವವರಲ್ಲಿ ಒಬ್ಬರಾದರೂ ಆ ಮರಕ್ಕೆ ನೀರು ಹಾಕಿದವರಾಗಿರಬೇಕು. ಬೇಕೆಂದು ಹೂಡಿದ ಜಗಳಕ್ಕೆ ನಾಲ್ಕು ಎಲೆ ಉದುರುತ್ತವೆಯೇ ಹೊರತು ಕಾಯಿ ಅಲುಗುವುದಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚಿಗೆ ನಮಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ಯಾರೂ ಹೋಗಿಲ್ಲ.

ಹೀಗಾಗಿ ನಮ್ಮಲ್ಲಿ ನೆಂಟರು ಮನೆಗೆ ಬಂದರೆ ಕಾಲು ತೊಳೆಯಲು ಹಿತ್ತಲಿಗೆ ಹೋದವರು ಮೊದಲು ತಲೆಯೆತ್ತಿ ಮರ ನೋಡುತ್ತಾರೆ. ಮರ ಖಾಲಿಯಿದ್ದರೆ ಗಂಡಹೆಂಡಿರ ನಡುವೆ ಎಲ್ಲ ನೆಟ್ಟಗಿದೆ ಎಂದು ಸಮಾಧಾನಪಡುತ್ತಾರೆ. ಕಾಯಿ ತುಂಬಿಕೊಂಡು ನಿಂತಿದ್ದರೆ ಒಳಗೆ ಬಂದು ದನಿ ತಗ್ಗಿಸಿ, “ಏನಾದ್ರೂ ಮನಸ್ತಾಪವಾ?” ಎಂದು ಕೇಳುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗ ಹುಡುಗಿ ಎಲ್ಲದಕ್ಕೂ ಹೂಂ ಹೂಂ ಎಂದುಕೊಂಡು ಕೂತರೆ ಹಿರಿಯರ ಮುಖ ಬಾಡುತ್ತದೆ. ಹಸಿ ಕಾಯಿಯನ್ನು ಮಾತ್ರ ಯಾರೂ ಇನ್ನೊಂದು ಮನೆಗೆ ಕೊಡುವುದಿಲ್ಲ, ಮಾರುವುದೂ ಇಲ್ಲ. ಮನೆ ಜಗಳ ಬೀದಿಗೆ ತರಬಾರದು ಎಂದರೆ ನಮ್ಮಲ್ಲಿ ಅರ್ಥ ಅದೇ. ಬೇಯಿಸಿ, ಒಗ್ಗರಣೆ ಹಾಕಿ, ಗುರುತು ಸಿಗದ ಹಾಗೆ ಮಾಡಿ ಕೊಡಬಹುದು.

ಇಂಥ ಊರಿನಲ್ಲಿ ನನ್ನ ಅಪ್ಪ ನನಗೆ ಶಾಂತರಾಜ ಎಂದು ಹೆಸರಿಟ್ಟರು. ಶಾಲೆಯಲ್ಲಿ ಹಾಜರಿ ಕರೆಯುವಾಗ ಮೇಷ್ಟ್ರು ನನ್ನ ಹೆಸರಿಗೆ ಬಂದು ಒಂದು ಗಳಿಗೆ ನಿಂತು, ಕನಿಕರದಿಂದ ನೋಡಿ ಮುಂದೆ ಹೋಗುತ್ತಿದ್ದರು. ನನಗೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು ಅಚ್ಚು ಹಾಕುತ್ತೇನೆ, ಅಂಗಡಿ ಬೋರ್ಡುಗಳನ್ನು ಕೈಯಲ್ಲೇ ಬರೆಯುತ್ತೇನೆ. ಹೆಂಡತಿ ಜಯಶೀಲ. ಅವಳು ಜಗಳಕ್ಕೆ ನಿಂತರೆ ನೋಡುವ ಹಾಗಿರುತ್ತಾಳೆ. ತೊಂದರೆಯೆಂದರೆ, ಅವಳು ಹೇಳುವುದು ಬಹುಮಟ್ಟಿಗೆ ಸರಿಯಾಗಿರುತ್ತದೆ, ನಾನು ಹೌದೆಂದುಬಿಡುತ್ತೇನೆ. ನಮ್ಮ ಮರದಿಂದ ವರ್ಷಕ್ಕೊಂದು ಸಣ್ಣ ಜಾಡಿಯ ಉಪ್ಪಿನಕಾಯಿಗೆ ಆಗುವಷ್ಟು ಬೀಳುತ್ತದೆ. ಉಳಿದದ್ದನ್ನು ಹೂ ಬಿಡುವ ಹೊತ್ತಿಗೆ ಹೇಗೋ ತವರಿನವರ ವಿಷಯ ತೆಗೆದು ಬೀಳಿಸಿ ಮುಗಿಸುತ್ತೇವೆ.

ಮುದ್ದಕ್ಕ ನಮ್ಮ ಪಕ್ಕದ ಮನೆ. ಬಸ್ ಸ್ಟ್ಯಾಂಡಿನ ಎದುರು ಗಂಡಹೆಂಡಿರು ಚಿತ್ರಾನ್ನದ ಅಂಗಡಿ ಇಟ್ಟಿದ್ದರು. ಆಕೆ ಮಾಡುವುದು, ಪರಮಣ್ಣ ಎಲೆಗೆ ಹಾಕುವುದು. ಪರಮಣ್ಣ ಬೇರೆ ಸೀಮೆಯವರು. ಮದುವೆಯಾಗಿ ಈ ಊರಿಗೆ ಬಂದಾಗ ಒಂದು ಎಣ್ಣೆ ಡಬ್ಬಿಯಲ್ಲಿ ತಮ್ಮೂರಿನ ಸಸಿ ತಂದು ಹಿತ್ತಲಲ್ಲಿ ನೆಟ್ಟಿದ್ದರು. ಅದನ್ನು ಕಂಚಿ ಎಂದು ಕರೆಯುತ್ತಿದ್ದರು. ಮುದ್ದಕ್ಕ ಹೇರಳೆ ಎನ್ನುತ್ತಿದ್ದರು. ಅವರ ದಾಂಪತ್ಯದಲ್ಲಿ ಇದೊಂದು ವಿಷಯ ಬಿಟ್ಟರೆ ಬೇರೆ ಭಿನ್ನಾಭಿಪ್ರಾಯವಿದ್ದದ್ದು ನನ್ನ ಕಿವಿಗೆ ಬಿದ್ದಿಲ್ಲ, ಬೇಕಾಗಿಯೂ ಇರಲಿಲ್ಲ. ದಿನಾ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು ಮರದ ಕೆಳಗೆ ನಿಂತರೆಂದರೆ ಶುರು. “ಸಸಿ ತಂದೋನು ನಾನು, ಹೆಸರೂ ನಂದೇ.” “ನೀವು ತಂದಿದ್ದು ಕಡ್ಡಿ. ನೀರು ಹಾಕಿ ಮರ ಮಾಡ್ದೋಳು ನಾನು.” “ನಿಮ್ಮೂರೋರಿಗೆ ಹುಳಿಯಾಗಿದ್ದೆಲ್ಲಾ ಹೇರಳೆ.” “ನಿಮ್ಮೂರೋರಿಗೆ ನಾಲ್ಗೆ ಇದ್ದಿದ್ರೆ ತಾನೆ.” ಗೋಡೆಯ ಈಚೆ ಕಡೆ ನಮಗೆ ದಪ್ ದಪ್ ಎಂದು ಬೀಳುವುದು ಕೇಳುತ್ತಿತ್ತು. ಜಯಶೀಲ ಕೈಯಲ್ಲಿದ್ದ ಕೆಲಸ ಬಿಟ್ಟು ನಿಟ್ಟುಸಿರು ಬಿಡುತ್ತಿದ್ದಳು. ನಾನು ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಪರಮಣ್ಣ ಏಳಲಿಲ್ಲ.

ಆಮೇಲೆ ಊರು ಮುದ್ದಕ್ಕನ ಮೇಲೆ ಕರುಣೆ ತೋರಿಸಲು ಶುರುಮಾಡಿತು. ನಮ್ಮೂರಿನವರಿಗೆ ಕರುಣೆಯ ಅಭ್ಯಾಸ ಕಡಿಮೆ. ಅಭ್ಯಾಸವಿಲ್ಲದವರ ಕೈಗೆ ಸಿಕ್ಕಿದ್ದರಿಂದ ಅದು ಅಳತೆ ಮೀರಿತು. ಅಂಗಡಿಯಲ್ಲಿ ಯಾರೂ ಚಟ್ನಿ ಕಡಿಮೆಯಾಯಿತು ಎನ್ನುವುದನ್ನು ಬಿಟ್ಟರು. ಮರದ ಕಾಯಿ ಬೀಳದೆ ಆಕೆ ಸಂತೆಯ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡತೊಡಗಿದಾಗ ಅದು ಬಾಯಿಗಿಡುವ ಹಾಗಿರಲಿಲ್ಲ. ಎಲ್ಲರೂ ತಿಂದು, “ಬಹಳ ಚೆನ್ನಾಗಿದೆ ಮುದ್ದಕ್ಕ” ಎಂದು ಎಲೆ ಮಡಚಿದರು. ಕಂಡಕ್ಟರುಗಳು ಕೂಡ ಆಕೆಯನ್ನು ‘ತಾಯಿ’ ಎನ್ನಲು ಹತ್ತಿದರು. ಮುಂಚೆ ಆಕೆಗೆ ಅವರಿಟ್ಟಿದ್ದ ಹೆಸರು ಅದಾಗಿರಲಿಲ್ಲ.

ಹೀಗೆ ವರ್ಷ ತುಂಬುತ್ತ ಬಂತು. ಹಿತ್ತಲ ಮರದಲ್ಲಿ ಕಾಯಿ ಹಾಗೇ ನಿಂತು, ಹಳದಿಗೆ ತಿರುಗಿ, ಕೊಂಬೆಗಳು ನೆಲಕ್ಕೆ ಬಾಗಿದ್ದವು. ಕೆಳಗೆ ಕವೆಗೋಲು ಕೊಟ್ಟು ನಿಲ್ಲಿಸಿದ್ದರು. ತೆಂಕಣ ದಿಕ್ಕಿನ ಕೊಂಬೆ ಬುಡದಲ್ಲಿ ಸೀಳು ಬಿಟ್ಟಿತ್ತು. ಹೊಸ ಹೂ ಬರುವುದರೊಳಗೆ ಹಳೇ ಕಾಯಿ ಇಳಿಯದಿದ್ದರೆ ಈ ಮರ ಒಣಗುತ್ತದೆ. ಮಾತು ಬಿಟ್ಟುಕೊಂಡ ಅಣ್ಣತಮ್ಮಂದಿರ ಹಿತ್ತಲುಗಳಲ್ಲಿ ಅಂಥ ಬೋಳು ಮರಗಳನ್ನು ಎಲ್ಲರೂ ನೋಡಿದ್ದೆವು. ಶಿವರಾತ್ರಿ ಕಳೆದಿತ್ತು. ಇನ್ನು ಹೂವಿಗೆ ಹೆಚ್ಚು ದಿನವಿರಲಿಲ್ಲ.

ಒಂದು ಬೆಳಿಗ್ಗೆ ಮುದ್ದಕ್ಕ ಗೋಡೆಯ ಮೇಲಿಂದ ಕರೆದರು. “ಶಾಂತರಾಜ, ಒಂದು ಉಪಕಾರ ಆಗ್ಬೇಕಲ್ಲಪ್ಪ.”

“ಹೇಳಿ ಮುದ್ದಕ್ಕ.”

“ನನ್ನ ಜೊತೆ ಒಂದು ಜಗಳ ಆಡು.”

ನಾನು ಸ್ವಲ್ಪ ಯೋಚಿಸಿ, “ಯಾವ ವಿಷಯಕ್ಕೆ?” ಎಂದೆ.

“ನೋಡು, ಕೇಳ್ಕೊಂಡು ಆಡೋನು ನೀನು” ಎಂದು ಆಕೆ ತಲೆಯಾಡಿಸಿದರು. “ಜಯಶೀಲ ಹೆಂಗೆ ಬಾಳ್ವೆ ಮಾಡ್ತಾಳೋ ದೇವರೇ ಬಲ್ಲ. ಹೋಗ್ಲಿ, ಅವಳನ್ನಾದ್ರೂ ಕಳ್ಸು.”

ಜಯಶೀಲ ಸೆರಗು ಸಿಕ್ಕಿಸಿಕೊಂಡೇ ಹೋದಳು. ಮರದ ಕೆಳಗೆ ನಿಂತು, “ಏನಕ್ಕಾ, ನಿಮ್ಮ ಮನೆ ಬಚ್ಚಲ ನೀರು ನಮ್ಮ ಗೋಡೆ ಬುಡಕ್ಕೆ ಬರ್ತಿದೆಯಲ್ಲ” ಎಂದು ಚೆನ್ನಾಗಿಯೇ ಶುರುಮಾಡಿದಳು. “ಹೌದು ಕಣೇ, ಆ ಕಾಲುವೆ ತೋಡ್ತಿದ್ದೋರು ಅವರೇ ಅಲ್ವಾ” ಎಂದರು ಮುದ್ದಕ್ಕ. ಅಷ್ಟೇ. ಇಬ್ಬರೂ ಕಲ್ಲಿನ ಮೇಲೆ ಕೂತು ಅತ್ತು, ಮೂಗು ಒರೆಸಿಕೊಂಡು, ಕಾಫಿ ಕುಡಿದರು. ವಾಪಸು ಬಂದ ಜಯಶೀಲ, “ಆ ಮುಖ ನೋಡಿದ್ರೆ ಬೈಗುಳ ಗಂಟಲಲ್ಲೇ ಕರಗಿ ಹೋಗುತ್ತೆ ಕಣ್ರೀ” ಎಂದಳು.

ಆಮೇಲೆ ಮರಿಸ್ವಾಮಿಯನ್ನು ಕರೆಸಿದೆವು. ಎದುರುತ್ತರದ ಮರಿಸ್ವಾಮಿ ಎಂದರೆ ಸುತ್ತಮುತ್ತ ಹೆಸರು. ಹೆಂಡತಿ ಸತ್ತವರು, ಮದುವೆಯಾಗದವರು, ಮಾತು ಬಾರದ ಸೊಸೆಯರು ಇರುವ ಮನೆಗಳಿಗೆ ಹೋಗಿ ಜಗಳ ಕೊಟ್ಟು ಬರುವುದು ಆತನ ಕಸುಬು. ಮನೆಗೆ ತಕ್ಕ ಹಾಗೆ ಕಚ್ಚುವ ಮಾತು ಹುಡುಕಿ, ಎದುರಿನವರಿಗೆ ನಿಜವಾಗಿ ಮೈ ಉರಿಯುವಂತೆ ಮಾಡುವುದರಲ್ಲಿ ಗಟ್ಟಿಗ. ಪಂಚೆ ಮೇಲಕ್ಕೆ ಕಟ್ಟಿ ಮರದ ಸುತ್ತ ಒಂದು ಸುತ್ತು ಬಂದು, ಗಂಟಲು ಸರಿಮಾಡಿಕೊಂಡು, “ಏನಮ್ಮಾ, ಗಂಡ ಹೋದ ಅಂತ ಊರೆಲ್ಲಾ ತಲೆ ಮೇಲೆ ಹೊತ್ಕೊಂಡು ತಿರುಗ್ಬೇಕಾ ನಿನ್ನ?” ಎಂದ.  ಒಂದೆರಡು ಎಲೆ ಉದುರಿದವು.

“ನಿಜ ಮರಿಸ್ವಾಮಿ” ಎಂದರು ಮುದ್ದಕ್ಕ. “ನಾನೂ ಅದನ್ನೇ ಹೇಳ್ತಿರೋದು, ಯಾರು ಕೇಳ್ತಾರೆ.”

“ಹಾಗೆಲ್ಲ ಒಪ್ಕೋಬಾರದಮ್ಮ” ಎಂದು ಆತ ದನಿ ತಗ್ಗಿಸಿ ಹೇಳಿ, ಮತ್ತೆ ಏರಿಸಿದ. “ಆ ನಿನ್ನ ಗಂಡ ಏನು ಮಹಾ ಮನುಷ್ಯನಾ? ನಾಲ್ಕು ಜನಕ್ಕೆ ಎಲೆ ಹಾಕ್ತಿದ್ದೋನು. ಮಳೇಲಿ ನಿಂತಿದ್ದೀನಿ ಅಂತ ತನ್ನ ಕೊಡೆ ನನಗೆ ಕೊಟ್ಟು, ತಾನು ಗೋಣಿಚೀಲ ಹೊದ್ಕೊಂಡು ಹೋದ ಪುಣ್ಯಾತ್ಮ…” ಇಷ್ಟು ಹೇಳಿ ಆತ ಪಂಚೆ ಕೆಳಗಿಳಿಸಿ ಕೂತುಬಿಟ್ಟ. ಮುದ್ದಕ್ಕನೇ ಒಳಗಿನಿಂದ ನೀರು ತಂದುಕೊಟ್ಟು ಬೆನ್ನು ಸವರಿದರು. ಹೋಗುವಾಗ ಆತ ನನ್ನನ್ನು ಬದಿಗೆ ಕರೆದು, “ಸ್ವಾಮಿ, ಇದು ಬೀಳೋ ಮರ ಅಲ್ಲ. ಒಳ್ಳೇತನ ಬೇರಿಗೆ ಇಳಿದುಬಿಟ್ಟಿದೆ” ಎಂದ. ವೈದ್ಯರು ಹೊರಗೆ ಬಂದು ಕೈ ಚೆಲ್ಲುವ ಧಾಟಿಯಲ್ಲೇ ಹೇಳಿದ.

ಮುದ್ದಕ್ಕ ಸೀಳಿದ ಕೊಂಬೆಗೆ ಹಳೆಯ ಸೀರೆ ಹರಿದು ಸುತ್ತಿದರು. ಅಂಗಡಿ ಮುಚ್ಚಿ ಬಂದು ಮರದ ಕೆಳಗೆ ನಿಲ್ಲುವ ಅಭ್ಯಾಸ ಬಿಟ್ಟಿರಲಿಲ್ಲ. ಗೋಡೆಯಾಚೆ ಆಕೆಯ ದನಿ ಕೇಳುತ್ತಿತ್ತು: “ಹೇರಳೆ.” ಸ್ವಲ್ಪ ಬಿಟ್ಟು ಮತ್ತೆ, “ಹೇರಳೆ ಕಣ್ರೀ.” ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಸದ್ದು.

ಮಾರನೆಯ ದಿನ ನಾನು ಗಟ್ಟಿ ಮನಸ್ಸು ಮಾಡಿ ಅಂಗಡಿಗೆ ಹೋಗಿ ಒಂದು ಪ್ಲೇಟ್ ಚಿತ್ರಾನ್ನ ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ, “ಮುದ್ದಕ್ಕ, ಇದು ತಿನ್ನೋ ಹಾಗಿಲ್ಲ” ಎಂದೆ. ಇಲ್ಲಿ ಕಿಡಿ ಹೊತ್ತಿಸಿ ಹಿತ್ತಲಿಗೆ ಒಯ್ಯೋಣ ಎಂದು ನನ್ನ ಲೆಕ್ಕಾಚಾರ. ಆಕೆಯ ಮುಖ ಒಂದು ಕ್ಷಣ ಅರಳಿತು. ಅಷ್ಟರಲ್ಲಿ ಸುತ್ತ ನಿಂತಿದ್ದವರೆಲ್ಲ ನನ್ನ ಮೇಲೆ ಬಿದ್ದರು. “ನಾಚಿಕೆ ಆಗಲ್ವೇನ್ರೀ, ಪ್ರೆಸ್ ಇಟ್ಟೋರು ನೀವು.” “ಗಂಡ ಹೋದ ಹೆಂಗಸು, ಕೈಲಾದ್ದು ಮಾಡಿ ಹಾಕ್ತಾಳೆ.” “ಚೆನ್ನಾಗಿಲ್ದಿದ್ರೂ ಚೆನ್ನಾಗಿದೆ ಅಂತ ನಾವೆಲ್ಲಾ ತಿಂತಿಲ್ವಾ?” ಕಡೆಯ ಮಾತು ಹೇಳಿದವನಿಗೆ ತಾನೇನು ಹೇಳಿದೆ ಎಂದು ಆಮೇಲೆ ಹೊಳೆದು ಅವನು ಎಲೆಯೊಳಗೆ ಮುಖ ಇಟ್ಟುಕೊಂಡ. ಬಸ್ ಸ್ಟ್ಯಾಂಡಿನಲ್ಲಿ ಒಂದು ಮರವಿದ್ದಿದ್ದರೆ ಅಂದು ಊರಿಗೆಲ್ಲ ಉಪ್ಪಿನಕಾಯಿ ಆಗುತ್ತಿತ್ತು. ಮುದ್ದಕ್ಕ ಮಾತ್ರ, “ಬಿಡ್ರಪ್ಪ, ಅವನು ಹೇಳೋದು ಸರಿಯಾಗೇ ಇದೆ” ಎಂದು ಒಲೆಯ ಕಡೆ ತಿರುಗಿದರು.

ಇದು ನನಗೆ ಬಹಳ ಕೆಡುಕೆನಿಸಿತು. ಏನಾದರೂ ಒಳ್ಳೆಯದು ಮಾಡಿ ಈ ಪಾಪ ಕಳೆದುಕೊಳ್ಳಬೇಕು ಎಂದು ಅನ್ನಿಸಿ, ಆ ಅಂಗಡಿಯ ಬೋರ್ಡು ನೆನಪಿಗೆ ಬಂತು. ಅದನ್ನು ಬರೆದವನು ನಾನೇ. ಅಂಗಡಿ ತೆರೆದಾಗ ಪರಮಣ್ಣ ಬಂದು ‘ಕಂಚಿಕಾಯಿ ಚಿತ್ರಾನ್ನ’ ಎಂದು ಬರೆಯಲು ಹೇಳಿ ಹೋಗಿದ್ದರು. ಹಿಂದೆಯೇ ಮುದ್ದಕ್ಕ ಬಂದು ‘ಹೇರಳೆಕಾಯಿ ಚಿತ್ರಾನ್ನ’ ಎಂದು ಹೇಳಿ ಹೋದರು. ನಾನು ಬಲಗಡೆ ‘ಚಿತ್ರಾನ್ನ’ ಎಂದು ಬರೆದು, ಎಡಗಡೆ ಜಾಗ ಬಿಟ್ಟು, ನೀವಿಬ್ಬರೂ ತೀರ್ಮಾನ ಮಾಡಿ ಹೇಳಿ ಎಂದಿದ್ದೆ. ತೀರ್ಮಾನ ಆಗಲಿಲ್ಲ. ಬೋರ್ಡು ಹಾಗೇ ನೇತಾಡಿತು. ಪರವೂರಿನವರು ಮಳೆಗೆ ಅಕ್ಷರ ತೊಳೆದುಹೋಗಿದೆ ಎಂದುಕೊಳ್ಳುತ್ತಿದ್ದರು. ಈಗ ತಕರಾರು ಮಾಡುವವರು ಇಲ್ಲ. ಆಕೆಯ ಬಹುಕಾಲದ ಆಸೆ ಪೂರೈಸೋಣ ಎಂದು ನಾನು ಭಾನುವಾರ ಬೋರ್ಡು ಇಳಿಸಿ ತಂದು, ಕೆಂಪು ಬಣ್ಣದಲ್ಲಿ, ನೆರಳು ಕೊಟ್ಟು, ‘ಹೇರಳೆಕಾಯಿ’ ಎಂದು ಬರೆದೆ. ನಾನೇ ಹೇಳಿಕೊಳ್ಳಬಾರದು, ಳಕಾರ ಅಷ್ಟು ದುಂಡಗೆ ನನ್ನ ಕೈಯಲ್ಲಿ ಹಿಂದೆಂದೂ ಬಂದಿರಲಿಲ್ಲ.

ಅದನ್ನು ಎತ್ತಿಕೊಂಡು ಹೋಗಿ ಅವರ ಹಿತ್ತಲಲ್ಲಿ, ಮರದ ಬುಡಕ್ಕೆ ಒರಗಿಸಿಟ್ಟೆ. ಮುದ್ದಕ್ಕ ಸೌತೆಕಾಯಿ ಬಳ್ಳಿಗೆ ಹಂದರ ಕಟ್ಟುತ್ತಿದ್ದವರು ತಿರುಗಿ ನೋಡಿದರು. ಓದಿದರು. ಕೈಯಲ್ಲಿದ್ದ ಹಗ್ಗ ಕೆಳಗೆ ಹಾಕಿದರು.

“ಏನಿದು?”

“ಬೋರ್ಡು ಮುದ್ದಕ್ಕ. ಪೂರ್ತಿ ಮಾಡಿಕೊಂಡು ಬಂದೆ.”

“ಯಾರು ಹೇಳಿದ್ದು ನಿನಗೆ?”

“ಯಾರು ಹೇಳ್ಬೇಕು? ನೀವೇ ಯಾವಾಗ್ಲೂ…”

“ಅಲ್ಲಿ ಖಾಲಿ ಇತ್ತು” ಎಂದರು. ದನಿ ಬೇರೆಯಾಗಿತ್ತು. “ಅದು ಅವರ ಜಾಗ. ಯಾರನ್ನ ಕೇಳಿ ತುಂಬಿಸ್ದೆ?”

“ಹೇರಳೆ ಅಂತ ತಾನೇ ನೀವು ಅಂತಿದ್ದಿದ್ದು?”

“ನಾನು ಅವರಿಗೆ ಅಂತಿದ್ದೆ. ಊರಿಗೆ ಅಂತಿದ್ನಾ? ಬೋರ್ಡ್ ಬರೆಸಿ ನೇತು ಹಾಕು ಅಂತಿದ್ನಾ? ಮನುಷ್ಯ ಹೋದ ಕೂಡ್ಲೆ ಅವನ ಮಾತು ಅಳಿಸಿ ನಿನ್ನ ಬಣ್ಣ ಬಳ್ದು ನಂಗೆ ತಂದು ತೋರಿಸ್ತೀಯಾ? ಗೆದ್ದೆ ಅಂತ ಕುಣೀಲಾ ನಾನು?”

ನಾನು ಸಮಾಧಾನ ಮಾಡಲು ಹೋಗಿ ಕೆಟ್ಟೆ. “ನೋಡಿ, ಸಸ್ಯಶಾಸ್ತ್ರ ಓದಿದವರನ್ನ ಕೇಳಿದ್ರೂ ಇದು…”

“ಶಾಸ್ತ್ರ ನಿನ್ನ ಪ್ರೆಸ್ಸಲ್ಲಿ ಇಟ್ಕೋ. ಇದು ಕಂಚಿ.”

“ಕಂಚಿ?”

“ಕಂಚಿ. ಸಸಿ ತಂದೋರು ಅವರು. ನನಗೆ ಗೊತ್ತಿಲ್ವಾ ನಮ್ಮನೆ ಮರ ಯಾವುದು ಅಂತ? ಅಳಿಸು ಇದನ್ನ. ಬರ್ದಿರೋದಾದ್ರೂ ನೆಟ್ಟಗಿದೆಯಾ? ಏನಿದು, ಳ ಅಂತೆ. ಬೆಕ್ಕು ಬಾಲ ಸುತ್ಕೊಂಡು ಮಲಗಿದ ಹಾಗಿದೆ.”

ಇದನ್ನು ನಾನು ಸಹಿಸಲಿಲ್ಲ. ನನ್ನ ಬಾಳಿನಲ್ಲಿ ಬೇರೆ ಏನನ್ನು ಬೇಕಾದರೂ ಜನ ಅಂದಿದ್ದಾರೆ, ನಾನು ಹೌದೆಂದಿದ್ದೇನೆ. ಅಕ್ಷರದ ವಿಷಯಕ್ಕೆ ಯಾರೂ ಬಂದಿರಲಿಲ್ಲ. “ಮುದ್ದಕ್ಕ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ” ಎಂದೆ. ಎಡಗಿವಿಯ ಹತ್ತಿರ ಏನೋ ದಪ್ಪೆಂದಿತು. ಗಮನಿಸಲಿಲ್ಲ. “ಈ ಊರಲ್ಲಿ ಇಂಥ ಳ ಬರೆಯೋನು ಇನ್ನೊಬ್ಬ ಇದ್ರೆ ಕರ್ಕೊಂಡು ಬನ್ನಿ. ಕಂಚಿ ಅಂತೆ ಕಂಚಿ. ಗೋಡೆ ಪಕ್ಕದಲ್ಲಿ ಇದ್ದೋನು ನಾನು. ಹೇರಳೆ ಹೇರಳೆ ಅಂತ ನಮ್ಮ ನಿದ್ದೆ ಕೆಡಿಸಿದೋರು ಯಾರು?”

“ನಿದ್ದೆ ಕೆಡ್ತಾ ನಿಂಗೆ? ಅಯ್ಯೋ ಕಂದ. ಹೆಂಡ್ತಿ ಬೈದ್ರೂ ಎಚ್ಚರ ಆಗದೋನಿಗೆ.”

“ನನ್ನ ಹೆಂಡ್ತಿ ವಿಷಯಕ್ಕೆ ಬರ್ಬೇಡಿ.”

“ನೀನು ನನ್ನ ಗಂಡನ ವಿಷಯಕ್ಕೆ ಬಂದೆಯಲ್ಲ.”

“ಬರ್ತೀನಿ. ಒಳ್ಳೆ ಮನುಷ್ಯರೇ, ಆದ್ರೆ ಕಾಯಿ ವಿಷಯದಲ್ಲಿ ಶುದ್ಧ ತಪ್ಪು. ಬೇರೆ ಊರಿಂದ ಬಂದು ಇಲ್ಲೀ ಕಾಯಿಗೆ ಹೆಸರು ಹೇಳಿಕೊಡೋಕೆ ಹೊರಟಿದ್ರು.”

“ತಪ್ಪಾ? ಅವರು ತಪ್ಪಾ? ಅವರು ತಪ್ಪು ಅಂತ ಹೇಳೋ ಹಕ್ಕು ಈ ಪ್ರಪಂಚದಲ್ಲಿ ಒಬ್ಬಳಿಗಿದೆ. ನೀನ್ಯಾವನೋ?”

ಅವರು ನನ್ನನ್ನು ಏಕವಚನದಲ್ಲಿ ಕರೆಯುವುದು ಹೊಸದಲ್ಲ. ಆದರೆ ಈ ಸಲ ಅದರಲ್ಲಿ ಅಕ್ಕರೆ ಇರಲಿಲ್ಲ. ನಾನೂ ಬಿಡಲಿಲ್ಲ. ಏನೇನೆಂದೆನೋ ಎಲ್ಲ ನೆನಪಿಲ್ಲ. ಅವರ ನಿಂಬೆಹಣ್ಣಿನ ಚಿತ್ರಾನ್ನವನ್ನು ಗೋಡೆಗೆ ಹಚ್ಚಿದರೆ ಸುಣ್ಣದ ಖರ್ಚು ಉಳಿಯುತ್ತದೆ ಎಂದದ್ದು ಮಾತ್ರ ನಾನೇ ಎಂದು ಜಯಶೀಲ ಆಮೇಲೆ ಹೇಳಿದಳು. ಹೆಗಲ ಮೇಲೆ ಒಂದು ಬಿತ್ತು, ಪಾದದ ಮೇಲೆ ಒಂದು ಬಿತ್ತು. ಬೋರ್ಡಿನ ಮೇಲೆ ಬಿದ್ದ ಒಂದು ನನ್ನ ಹಸಿ ಳಕಾರದ ಮೇಲೆ ಉರುಳಿಕೊಂಡು ಹೋಯಿತು. ಆಗ ನಾನು ಅಯ್ಯೋ ಎಂದು ನಿಂತೆ. ಮುದ್ದಕ್ಕನೂ ನಿಂತರು. ನಮ್ಮಿಬ್ಬರ ಸುತ್ತ ನೆಲ ಕಾಣದ ಹಾಗೆ ಹಳದಿ ಕಾಯಿ. ಇನ್ನೂ ಬೀಳುತ್ತಲೇ ಇದ್ದವು. ಭಾರ ಇಳಿದಂತೆಲ್ಲ ಕೊಂಬೆಗಳು ಮೇಲಕ್ಕೆ ಎದ್ದು, ಕವೆಗೋಲುಗಳು ಒಂದೊಂದಾಗಿ ಕಳಚಿ ಪಕ್ಕಕ್ಕೆ ಬಿದ್ದವು. ಸೀರೆ ಸುತ್ತಿದ ಕೊಂಬೆ ಎಲ್ಲಕ್ಕಿಂತ ಕಡೆಗೆ, ಹೆದರಿ ಹೆದರಿ ಎದ್ದಿತು.

ಮುದ್ದಕ್ಕ ಅಲ್ಲೇ ಕಾಯಿಗಳ ನಡುವೆ ಕೂತರು. ಮುಖ ಕೆಂಪಾಗಿ, ಕೂದಲು ಬಿಚ್ಚಿ, ಏದುಸಿರು ಬಿಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಅವರು ಹೋದ ಮೇಲೆ ಇವತ್ತೇ ಕಣೋ ಹಸಿವು ಅಂತ ಆಗಿರೋದು” ಎಂದರು. ಆಮೇಲೆ ಬೋರ್ಡಿನ ಕಡೆ ಕೈ ತೋರಿಸಿ, “ಅದನ್ನ ಒರೆಸ್ಕೊಂಡು ಹೋಗು. ಖಾಲೀನೇ ಇರ್ಲಿ” ಎಂದರು. ಒರೆಸಿದೆ. ಒಣಗದ ಬಣ್ಣ ಸುಲಭವಾಗಿ ಹೋಯಿತು.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಚಿತ್ರಾನ್ನದ ವಾಸನೆಗೆ ಡ್ರೈವರುಗಳು ಬಸ್ಸು ನಿಲ್ಲಿಸಿ ಇಳಿದರಂತೆ. ಒಬ್ಬ ಮರೆತು, “ಹುಳಿ ಸ್ವಲ್ಪ ಮುಂದಾಯ್ತು ಮುದ್ದಕ್ಕ” ಎಂದನಂತೆ. “ಮುಂದಾದ್ರೆ ಹಿಂದಿನ ಸೀಟಲ್ಲಿ ಕೂತ್ಕೊಂಡು ತಿನ್ನು” ಎಂದರಂತೆ ಆಕೆ. ಇಡೀ ಸ್ಟ್ಯಾಂಡು ನೆಮ್ಮದಿಯಾಗಿ ಉಸಿರು ಬಿಟ್ಟಿತು. ಕಂಡಕ್ಟರುಗಳು ಆಕೆಯನ್ನು ಹಳೆಯ ಹೆಸರಿನಿಂದಲೇ ಕರೆಯತೊಡಗಿದರು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಜಯಶೀಲ ಮಾತು ಬಿಟ್ಟಿದ್ದಳು. ಜಗಳದ ಹೊತ್ತಿನಲ್ಲಿ ಅವಳು ಗೋಡೆಯ ಈಚೆ ನಿಂತು ಎಲ್ಲವನ್ನೂ ಕೇಳಿದ್ದಳು. ತಟ್ಟೆ ಇಡುವಾಗ ಸದ್ದು ಜಾಸ್ತಿ, ನೋಟ ಕಡಿಮೆ. ಏನೆಂದು ಕೇಳಿದರೆ ಏನಿಲ್ಲ. ಕಡೆಗೆ ಒಂದು ಸಂಜೆ ನಾನು ಬಟ್ಟೆ ಹರವುತ್ತಿದ್ದಾಗ ಹಿತ್ತಲಿಗೆ ಬಂದು ನಮ್ಮ ಮರದ ಕಡೆಗೆ ಮುಖ ಮಾಡಿಕೊಂಡು ಕೇಳಿದಳು:

“ಎಷ್ಟು ಬಿತ್ತು ಅಲ್ಲಿ?”

“ಸ್ವಲ್ಪ ಬಿತ್ತು.”

“ಸ್ವಲ್ಪ. ನೆಲ ಅದುರೋದು ನನ್ನ ಕಾಲಿಗೆ ಗೊತ್ತಾಯ್ತು.” ನನ್ನ ಕಡೆ ತಿರುಗಿದಳು. “ಹಾಗೆ ಮಾತಾಡೋಕೆ ನಿಮಗೆ ಬರುತ್ತೆ ಅಂತ ಇಷ್ಟು ವರ್ಷ ಸಂಸಾರ ಮಾಡಿ ನನಗೆ ಗೊತ್ತಿರ್ಲಿಲ್ಲ. ನನ್ನ ಜೊತೆ ಒಂದು ದಿನ ಆದ್ರೂ ಹಾಗೆ ಎದುರು ನಿಂತಿದ್ದೀರಾ? ಎಲ್ಲದಕ್ಕೂ ಹೂಂ, ಹೂಂ. ನಾನೇನು ಗೋಡೇನಾ? ಬೇರೆಯೋರ ಮನೆಗೆ ಹೋಗಿ ಬಾಯ್ತುಂಬ ಜಗಳ ಆಡಿ ಬರೋಕೆ ನಾಚಿಕೆ ಆಗಲ್ವಾ?”

“ಅವರು ಅಕ್ಷರದ ವಿಷಯಕ್ಕೆ ಬಂದ್ರು ಕಣೇ.”

“ಅಕ್ಷರದ ವಿಷಯಕ್ಕೆ ಬಂದ್ರೆ ಆಡ್ತೀರಿ ಅಂತ ಮೊದ್ಲೇ ಹೇಳೋದಲ್ವಾ? ಮದುವೆ ಆದಾಗ್ಲಿಂದ ನೋಡ್ತಿದ್ದೀನಿ, ನಿಮ್ಮ ‘ಕ್ಷ’ ಒಂದು ಕಡೆಗೆ ವಾಲುತ್ತೆ. ಪಾಪ, ನೊಂದ್ಕೋತಾರೆ ಅಂತ ಬಾಯಿ ಮುಚ್ಕೊಂಡಿದ್ದೆ.”

“ಯಾವ ಕ್ಷ?” ಎಂದೆ ನಾನು, ಒದ್ದೆ ಪಂಚೆ ಕೈಯಲ್ಲೇ ಹಿಡಿದು. “ಯಾವ ಕ್ಷ ವಾಲುತ್ತೆ, ತೋರಿಸು.”

ಆ ಸಂಜೆಯ ವ್ಯವಹಾರವನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ದೊಡ್ಡ ಜಾಡಿ ಕೊಳ್ಳಬೇಕಾಯಿತು ಎಂದಷ್ಟೇ ಹೇಳಬಹುದು.

ಮುದ್ದಕ್ಕನ ಮರ ಉಗಾದಿಗೆ ಮುಂಚೆ ಹೂ ಬಿಟ್ಟಿತು. ಸೀಳಿದ ಕೊಂಬೆಯಲ್ಲೂ ಬಿಟ್ಟಿತು. ಕಾಯಿ ಕಚ್ಚಿ, ಬಲಿತು, ಮತ್ತೆ ಭಾರವಾಗುವ ಹೊತ್ತಿಗೆ ಆಕೆ ಗೋಡೆಯ ಮೇಲೆ ಕಾಣಿಸಿಕೊಂಡರು. ಈ ಸಲ ನನ್ನನ್ನು ಕರೆಯಲಿಲ್ಲ. ಜಯಶೀಲಳನ್ನೇ ಕರೆದು, ನಿನ್ನ ಗಂಡನನ್ನು ಒಂದು ಹೊತ್ತಿಗೆ ಕಳಿಸಿಕೊಡುತ್ತೀಯಾ ಎಂದು ಮರ್ಯಾದೆಯಾಗಿ ಕೇಳಿದರು. ಜಯಶೀಲ ಯೋಚಿಸಿ ಒಪ್ಪಿಗೆ ಕೊಟ್ಟಳು, ಷರತ್ತು ಹಾಕಿದಳು. ತಾನು ಎದುರಿಗೆ ಇರಬೇಕು. ಕಾಯಿಯ ಹೆಸರಿನ ವಿಷಯ ಮಾತ್ರ ಆಡಬೇಕು. ಅಕ್ಷರದ ವಿಷಯ, ಚಿತ್ರಾನ್ನದ ವಿಷಯ ಎತ್ತಕೂಡದು. ಅವು ಮನೆಯ ಮಟ್ಟಿಗೆ. ಮುದ್ದಕ್ಕ ನ್ಯಾಯವಾದ ಮಾತು ಎಂದರು.

ಹೀಗೆ ನಾವು ಮೂವರೂ ಮರದ ಕೆಳಗೆ ಸೇರಿದೆವು. ಜಯಶೀಲ ಕಲ್ಲಿನ ಮೇಲೆ ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತ ಕೂತಳು. ಬೇಕೆಂದು ಹೂಡಿದ ಜಗಳಕ್ಕೆ ಬೀಳುವುದಿಲ್ಲವಲ್ಲ ಎಂಬ ಅಳುಕು ನನಗಿತ್ತು. “ಯಾರು ಯಾವುದು?” ಎಂದೆ.

“ಹೋದ ವರ್ಷ ಸಿಟ್ಟಲ್ಲಿ ನಾನು ಅವರ ಮಾತು ಆಡಿಬಿಟ್ಟೆ” ಎಂದರು ಮುದ್ದಕ್ಕ. “ಆದ್ರೆ ನಿಜ ಹೇಳ್ಬೇಕು ಅಂದ್ರೆ ಇದು ಹೇರಳೇನೇ. ನೀನು ಇನ್ನೊಂದು ಅನ್ನು.”

ನಾನು ಗಂಟಲು ಸರಿಮಾಡಿಕೊಂಡೆ. “ಕಂಚಿ” ಎಂದೆ.

ಮುದ್ದಕ್ಕ ಮರದ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಜಯಶೀಲ ಅವರೆ ಸುಲಿಯುವುದನ್ನು ನಿಲ್ಲಿಸಿದಳು.

“ಇನ್ನೊಂದ್ಸಲ ಅನ್ನು” ಎಂದರು.

“ಕಂಚಿ.”

“ಅವರು ಚಿ ಎಳೀತಿದ್ರು ಸ್ವಲ್ಪ.”

“ಕಂಚೀ.”

ಅವರು ಸೆರಗಿನ ತುದಿಯಲ್ಲಿ ಮೂಗು ಒತ್ತಿಕೊಂಡು, ಎದ್ದು, ಸೊಂಟದ ಮೇಲೆ ಕೈಯಿಟ್ಟು ನನ್ನ ಎದುರು ನಿಂತರು. “ನಿಮ್ಮೂರೋರಿಗೆ ನಾಲ್ಗೆ ಅನ್ನೋದು ಇದ್ದಿದ್ರೆ ತಾನೆ” ಎಂದು ಶುರುಮಾಡಿದರು. ನಾನು ಇದೇ ಊರಿನವನು ಎಂದು ಹೇಳಲು ಬಾಯಿ ತೆರೆದೆ. ಜಯಶೀಲ ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿ, ಮಡಿಲಿನ ಅವರೆಕಾಯಿಯನ್ನು ಪಕ್ಕಕ್ಕಿಟ್ಟು, ಬುಟ್ಟಿ ತರಲು ಒಳಗೆ ಹೋದಳು.